ಮಸಿಯಿಲ್ಲದ ಕಲ್ಲು

ಮಗುವಿನ ತಲೆ ಎಡಗೈ ಮೇಲೆ ಭಾರವಾಗಿತ್ತು. ಕೈ ಜೋಮು ಹಿಡಿದು ಬಹಳ ಹೊತ್ತಾಗಿದ್ದರೂ ಶಿವಕಾಂತಾ ಅದನ್ನು ಸರಿಸಲಿಲ್ಲ. ಸರಿಸಿದರೆ ಹರ್ಷಿತಾ ಏಳುತ್ತಾಳೆ, ಅವಳು ಎದ್ದರೆ ಮುಂದಿನ ಸೀಟಿನಲ್ಲಿರುವ ಅವಳ ತಾಯಿ ಇಂಪನಾ ಹಿಂದೆ ತಿರುಗುತ್ತಾಳೆ, ತಿರುಗಿದರೆ ತನ್ನ ಮುಖ ಕಾಣುತ್ತದೆ. ಈ ಹೊತ್ತು ತನ್ನ ಮುಖ ಯಾರಿಗೂ ಕಾಣುವುದು ಬೇಡವಾಗಿತ್ತು. ಕಾರು ಮನೆಯಿರುವ ಕೋಥರೂಡ ಬಿಟ್ಟು ಗಂಟೆಯಾಗುತ್ತ ಬಂದಿತ್ತು. ಪೌಡ ದಾಟಿದ ಮೇಲೆ ರಸ್ತೆ ಸಣ್ಣದಾಯಿತು, ಎರಡೂ ಬದಿಗೆ ಮೇ ತಿಂಗಳ ಹಳದಿ ಹುಲ್ಲು, ಅಲ್ಲಲ್ಲಿ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಇಟ್ಟುಕೊಂಡು ಕುಳಿತ ಹೆಂಗಸರು. ಇಂಪನಾಳ ಗಂಡ ಮಧುಕರ್ ಕಾರು ನಿಲ್ಲಿಸಿ ಒಂದು ದೊನ್ನೆ ಕೊಂಡು ಹಿಂದಕ್ಕೆ ಚಾಚಿದ. "ತಗೊಳ್ಳಿ ಶಿವಕಾಂತಮ್ಮ, ನಿಮ್ಮ ಕಡೆ ಸಿಗುತ್ತಾ ಇದು?" ಸಿಗತಾವ್ರಿ ಎಂದಳು. ಸಿಗುತ್ತವೆಯೋ ಇಲ್ಲವೋ ಅವಳಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅದರ ಹಾಲು ತುಟಿಗೆ ಅಂಟಿ ಬಿಡದಾಯಿತು. ಗಂಡ ಹೆಂಡತಿ ಮೈಸೂರು ಕಡೆಯವರು, ಇಬ್ಬರಿಗೂ ಕಂಪ್ಯೂಟರಿನ ಕೆಲಸ. ಮನೆಯಲ್ಲಿ ಮಗುವಿನ ಕಿವಿಗೆ ಕನ್ನಡ ಬೀಳಲಿ ಎಂದು ಹುಡುಕಿ ಹುಡುಕಿ ಅದನ್ನು ನೋಡಿಕೊಳ್ಳಲು ಇವಳನ್ನು ಇಟ್ಟುಕೊಂಡಿದ್ದರು. ಎರಡು ವರ್ಷದ ಹಿಂದೆ ಮೊದಲ ದಿನ ಇಂಪನಾ ಕೇಳಿದ್ದಳು, ನಿಮಗೆಷ್ಟು ಮಕ್ಕಳು ಅಂತ. ಇಬ್ಬರ್ರಿ, ಕಿಶೋರ ಒಬ್ಬಾಂವ, ದುರ್ಗಾ ಒಬ್ಬಾಕಿ. ಹೇಳುವಾಗ ನಾಲಿಗೆ ತಡವರಿಸಿರಲಿಲ್ಲ. ಮಗುವನ್ನು ಕಳೆದುಕೊಂಡವಳ ಕೈಗೆ ಮಗುವನ್ನು ಯಾರು ಕೊಡುತ್ತಾರೆ?

ಗುರುವಾರ ಇಂಪನಾ ಮೊಬೈಲಿನಲ್ಲಿ ಕೆರೆಯ ಫೋಟೋ ತೋರಿಸಿ, ಶನಿವಾರ ಇಲ್ಲಿಗೆ ಹೋಗೋಣ, ನೀವೂ ಬನ್ನಿ, ಇವಳು ನಿಮ್ಮನ್ನ ಬಿಟ್ಟು ಊಟ ಮಾಡಲ್ಲ ಎಂದಾಗ ಶಿವಕಾಂತಾಳ ಕಣ್ಣು ಹೋದದ್ದು ನೀರಿನ ಮೇಲಲ್ಲ. ಹಿಂದೆ ನಿಂತ ಗುಡ್ಡದ ಮೇಲೆ. ಕಣದಲ್ಲಿ ಜೋಳದ ರಾಶಿ ಸುರಿದ ಹಾಗೆ ಚೂಪಾಗಿ ಎದ್ದ ಒಂಟಿ ಗುಡ್ಡ, ತುಂಗ. ಅದರ ಬುಡದ ಕೆರೆಯ ಹೆಸರು ಪವನಾ ಎಂದು ಅವಳಿಗೆ ಗೊತ್ತಾದದ್ದೇ ಆ ದಿನ. ಆರು ವರ್ಷದ ಕೆಳಗೆ ಒಂದು ಬಂಗಲೆ ಕಟ್ಟುವ ಕೂಲಿಗೆಂದು ಅವಳನ್ನೂ ಗಂಡ ಅಂಬಣ್ಣನನ್ನೂ ಬೇರೆ ಯಾವುದೋ ದಾರಿಯಿಂದ, ಸೆಂಟ್ರಿಂಗ್ ಹಲಗೆಗಳ ನಡುವೆ, ತಾಡಪಾಲಿನ ಕೆಳಗೆ ಕೂರಿಸಿ ಟ್ರಕ್ಕಿನಲ್ಲಿ ತಂದಿದ್ದರು. ಯಾವ ಊರು, ಯಾವ ಕೆರೆ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಸಂಜೆ ಸುತಾರದರಾ ಬಸ್ತಿಯಲ್ಲಿನ ತಮ್ಮ ಬಾಡಿಗೆ ಖೋಲಿಗೆ ಹೋಗಿ ಅಂಬಣ್ಣನ ಮುಂದೆ ಹೇಳಿದಳು. ಕೊಂಢವಾ ಕಡೆಯ ಕಟ್ಟಡದ ಸೈಟಿನಿಂದ ಬಂದು ಉಣ್ಣುತ್ತಿದ್ದವನ ಕೈ ತಾಟಿನಲ್ಲೇ ನಿಂತಿತು. "ಹೋಗಬ್ಯಾಡ. ಏನ್ ನೋಡ್ತಿ ಹೋಗಿ? ನೀರ ಅದ ಅಲ್ಲಿ." ಮತ್ತೆ ಉಣ್ಣತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ, "ಬ್ಯಾಸಗಿ ಅದಲ್ಲ, ನೀರ ಹಿಂದ ಸರದಿರಬೇಕು" ಎಂದ. ಕೈ ತೊಳೆದುಕೊಂಡು ಬಂದು ಗೋಡೆಗೆ ಆತು ಕುಳಿತ ಮೇಲೆ ಇನ್ನೊಂದು ಮಾತು ಹೇಳಿದ. "ಬಂಗ್ಲೇದ ಪಾವಟಿಗಿಗೆ ಬೆನ್ನ ಕೊಟ್ಟು ನಿಲ್ಲು. ಚೂಪ ಗುಡ್ಡ ಎಡ ಹೆಗಲಿಗೆ ಬರಬೇಕು. ಸೀದಾ ಇಳೀ, ನೂರಾ ನಲವತ್ತು ಹೆಜ್ಜಿ. ನನ್ನ ಹೆಜ್ಜಿ ಮತ್ತ, ನಿಂದಲ್ಲ." ಆರು ವರ್ಷ ಅವನು ಆ ಲೆಕ್ಕವನ್ನು ಎಲ್ಲಿ ಇಟ್ಟುಕೊಂಡಿದ್ದ? ಕೂಸನ್ನು ಮಣ್ಣಿನಲ್ಲಿ ಇಟ್ಟು ಬಂದ ದಿನ ಅವನು ಹಿಂದೆ ನೋಡದೆ ಬಿರುಸಾಗಿ ನಡೆದುದಕ್ಕೆ, ಗಂಡಸಿನ ಎದೆ ಕಲ್ಲು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದಳು. ಅವನು ಎಣಿಸುತ್ತಿದ್ದ.

"ಅಯ್ಯೋ, ಫೋಟೋದಲ್ಲಿ ತುಂಬಿತ್ತಲ್ಲ ಮಧು" ಎಂದಳು ಇಂಪನಾ, ಕಾರಿನಿಂದ ಇಳಿದು. ಕೆರೆ ಅಷ್ಟು ದೂರಕ್ಕೆ ಇಳಿದುಹೋಗಿತ್ತು. ದಡದಿಂದ ನೀರಿನವರೆಗೆ ಅಗಲವಾದ ಕಂದು ಬಯಲು, ಅದರ ಮೇಲೆ ನೀರು ಇಳಿದ ಗೆರೆಗಳು, ಬಟ್ಟೆ ಹಿಂಡಿಟ್ಟ ಹಾಗೆ ಮಡಿಕೆ ಮಡಿಕೆ. ಬಯಲಿನ ತುಂಬ ನೀಲಿ, ಕಿತ್ತಳೆ ಬಣ್ಣದ ಡೇರೆಗಳು. "ಮೇ ತಿಂಗಳಲ್ಲಿ ಇನ್ನೇನಿರುತ್ತೆ? ಮೌಂಟನ್ಸ್ ನೋಡು, ಮೌಂಟನ್ಸ್ ಎಲ್ಲೂ ಹೋಗಿಲ್ಲ" ಎಂದು ಮಧುಕರ್ ನಕ್ಕ. ನೀರಿಲ್ಲದ್ದನ್ನು ಕಂಡು ಶಿವಕಾಂತಾಗೆ ಎದೆ ಹಗುರವಾಯಿತು. ಅವರು ಪೇಚಾಡುವಾಗ ತನಗೆ ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು, ಯಾರದೋ ಮನೆಯ ನಷ್ಟದಲ್ಲಿ ತಾನು ಏನೋ ಗಳಿಸಿದ ಹಾಗೆ. ಬಂಗಲೆ ಏರಿನ ಮೇಲೆ ಇತ್ತು. ಬಿಳಿ ಬಣ್ಣ ಹೋಗಿ ಬೂದು ಆಗಿತ್ತು, ಆದರೆ ಬಾಲ್ಕನಿಯ ಬಾಗು ಅದೇ. ಆ ಬಾಗಿನ ಕಾಂಕ್ರೀಟನ್ನು ತಾನೇ ಹೊತ್ತಿದ್ದಳು. ಮಧುಕರ್ ಒಬ್ಬ ಮರಾಠಿ ಗೃಹಸ್ಥನೊಡನೆ ಮಾತಾಡಿ ಬಯಲಿನಲ್ಲಿ ಒಂದು ನೆರಳಿನ ಚಪ್ಪರ ಹಿಡಿದ. ಸಂಜೆ ಐದಕ್ಕೆ ಬಿಡಬೇಕು ಎಂಬ ಮಾತಾಯಿತು. ಚಪ್ಪರದ ಒಂದು ಹಗ್ಗ ಸಡಿಲಿತ್ತು. ಅವನು ಕಬ್ಬಿಣದ ಗೂಟ ನೆಲಕ್ಕೆ ಇಟ್ಟು ಕಲ್ಲಿನಿಂದ ಹೊಡೆಯಲು ಕೈ ಎತ್ತಿದಾಗ ಅವಳ ಬಾಯಿಂದ ತಾನಾಗಿ ಬಂತು: "ಅಲ್ಲಿ ಬ್ಯಾಡ್ರಿ ಸಾಹೇಬ್ರ."

"ಯಾಕೆ?"

"ನೆಲಾ ಗಟ್ಟಿ ಅದರಿ."

ಮಧುಕರ್ ಗೂಟ ಹೊಡೆದ. ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ನೋಡಿ, ಎಷ್ಟು ಸಾಫ್ಟ್ ಆಗಿದೆ" ಎಂದ, ಅವಳನ್ನು ಹಂಗಿಸುವಂತೆ ಅಲ್ಲ, ಸುಮ್ಮನೆ. ಹೌದು, ಮೆತ್ತಗಿತ್ತು. ಆ ದಿನವೂ ಹಾಗೇ ಇತ್ತು. ಮೇಲೆ ಏರಿನಲ್ಲಿ ಎಲ್ಲ ಕರೀ ಬಂಡೆ, ಪಿಕಾಸಿ ಹೊಡೆದರೆ ಕಿಡಿ ಹಾರುತ್ತಿತ್ತು. ಕೆಳಗಿನ ಈ ಬಯಲಿನಲ್ಲಿ ಅಂಬಣ್ಣ ಒಂದು ಸಣ್ಣ ಸಲಿಕೆಯಿಂದಲೇ ಮೊಣಕಾಲುದ್ದ ತೋಡಿದ್ದ. ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಮಣ್ಣು ಮೆತ್ತಗಿದೆಯಲ್ಲ, ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡಿದ್ದರು ಇಬ್ಬರೂ. ಅವರ ಶಹಾಪುರದ ಸೀಮೆಯಲ್ಲಿ ಬಯಲು ಎಂದರೆ ಬಯಲೇ. ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಕೂಡಿಕೊಳ್ಳುತ್ತದೆ, ಅಷ್ಟೆ. ಇದು ಕೆರೆಯ ಹೊಟ್ಟೆ, ನೀರು ಸದ್ಯಕ್ಕೆ ಆಚೆ ಹೋಗಿದೆ, ಮಳೆ ಬಿದ್ದ ಕೂಡಲೇ ತನ್ನ ಜಾಗಕ್ಕೆ ತಿರುಗಿ ಬರುತ್ತದೆ ಎಂದು ಅವರಿಗೆ ಹೇಗೆ ಹೊಳೆಯಬೇಕು? ಕೇಳಿದ್ದರೆ ಈ ಊರಿನ ಯಾವ ಮಗುವೂ ಹೇಳುತ್ತಿತ್ತು. ಯಾರನ್ನೂ ಕೇಳಲಿಲ್ಲ. ಜುಲೈ ತಿಂಗಳಲ್ಲಿ ಮೇಲಿನ ಕೋಣೆಯ ಗಿಲಾವಿಗೆ ಸಿಮೆಂಟು ಕಲಸಿ ಕೊಡುತ್ತ ಅವಳು ಬಾಲ್ಕನಿಯಿಂದ ದಿನಾ ನೋಡುತ್ತಿದ್ದಳು. ನೀರು ದಿನಕ್ಕೊಂದು ಮೊಳ, ಎರಡು ಮೊಳ ಹತ್ತಿರ ಬರುತ್ತಿತ್ತು, ಗದ್ದಲವಿಲ್ಲದೆ, ತನ್ನ ಮನೆಗೆ ತಾನು ಬರುವವರ ಹಾಗೆ. ಒಂದು ಬೆಳಿಗ್ಗೆ ನೋಡಿದರೆ, ಕೂಸಿನ ಮಣ್ಣಿನ ಮೇಲೆ ಇಟ್ಟಿದ್ದ ಮೂರು ಕಲ್ಲು ಕಾಣಲಿಲ್ಲ. ನೀರ ಬಂತು ಎಂದಳು. ಅಂಬಣ್ಣ ಕರಣೆ ನಿಲ್ಲಿಸದೆ, ಮಾಲು ಕೊಡು ಎಂದ.

ಹತ್ತೂವರೆಗೆ ಮಗು ನೀರಾಟಕ್ಕೆ ಹಟ ಮಾಡಿತು, ಇಂಪನಾಗೆ ಆಫೀಸಿನದೊಂದು ಫೋನು ಬಂತು. "ಸ್ವಲ್ಪ ಸುತ್ತಾಡಿಸಿಕೊಂಡು ಬನ್ನಿ, ನೀರಿನ ಹತ್ರ ಬೇಡ, ಕ್ಯಾಪ್ ಹಾಕಿ" ಎಂದು ಕೈಯಲ್ಲೇ ಸನ್ನೆ ಮಾಡಿದಳು. ಶಿವಕಾಂತಾ ಹರ್ಷಿತಾಳನ್ನು ಎತ್ತಿಕೊಂಡು ಏರು ಹತ್ತಿದಳು, ಹತ್ತುವಾಗ ಏದುಸಿರು ಬಂತು, ಆದರೂ ಇಳಿಸಲಿಲ್ಲ. ಬಂಗಲೆಯ ಪಾವಟಿಗೆಗೆ, ಆ ಮೆಟ್ಟಿಲಿಗೆ, ಬೆನ್ನು ಕೊಡುವುದು ಸಾಧ್ಯವಿರಲಿಲ್ಲ. ಪಾವಟಿಗೆಯ ಮುಂದೆ ಈಗ ಗೋಡೆ ಎದ್ದಿತ್ತು, ಗೋಡೆಯ ಮುಂದೆ ಹುಲ್ಲಿನ ಹಾಸು, ಅದರ ಮುಂದೆ ತಂತಿಬೇಲಿ, ಬೇಲಿಯ ಒಳಗೆ ಒಂದು ನಾಯಿ. ಕಾವಲುಗಾರ ಕುರ್ಚಿಯಿಂದ ಏಳದೆಯೇ, "ಕಾಯ್ ಪಾಹಿಜೆ?" ಎಂದ, ಏನು ಬೇಕು ಎಂದು. ಈ ಮನೆಯ ಮೂರು ಸ್ಲ್ಯಾಬಿಗೆ ಬುಟ್ಟಿ ಹೊತ್ತವಳು ನಾನು ಎಂದು ಮರಾಠಿಯಲ್ಲಿ ಹೇಗೆ ಹೇಳುವುದೋ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಕಾಹೀ ನಾಹೀ" ಎಂದಳು, ಏನಿಲ್ಲ. ಬೇಲಿಯ ಹೊರಗೆ ಅಂದಾಜಿನ ಮೇಲೆ ನಿಂತು, ಗುಡ್ಡವನ್ನು ಎಡ ಹೆಗಲಿಗೆ ತಂದುಕೊಂಡಳು. ಪಾವಟಿಗೆಯಿಂದ ಬೇಲಿಗೆ ಮೂವತ್ತು ಹೆಜ್ಜೆ ಎಂದುಕೊಂಡರೆ ಉಳಿದದ್ದು ನೂರಾ ಹತ್ತು. ಅವನ ಹೆಜ್ಜೆ ನೂರಾ ಹತ್ತು ಎಂದರೆ ತನ್ನವು ನೂರಾ ನಲವತ್ತೋ ಐವತ್ತೋ. ಎಣಿಸುತ್ತ ಇಳಿಯತೊಡಗಿದಳು. ಮಗು ಕೈ ಜಗ್ಗಿ ಇಳಿದು ತಾನೂ ನಡೆಯುತ್ತೇನೆಂದಿತು.

"ಕಾಂತವ್ವ, ಏನ್ ಎಣಿಸ್ತಿ?"

"ಹೆಜ್ಜಿ ಎಣಸಾಕತ್ತೀನಿ, ಬಂಗಾರ. ಗಪ್ಪ ಇರು."

"ನಾನೂ. ಒನ್, ಟೂ, ತ್ರೀ, ಫೋರ್..."

ನಲವತ್ತೊಂದು, ನಲವತ್ತೆರಡು. ಸಿಕ್ಸ್, ಸೆವೆನ್. ನಲವತ್ತಾರು. ನಲವತ್ತೇಳೋ? ಮಗುವಿನ ಸಣ್ಣ ಹೆಜ್ಜೆಗೆ ತನ್ನ ಹೆಜ್ಜೆ ಗಿಡ್ಡವಾಗುತ್ತಿದೆ ಎಂದು ಗೊತ್ತಾದದ್ದು ಅರವತ್ತರ ಮೇಲೆ. ಎತ್ತಿಕೊಂಡರೆ ಮಗು ಕೂಗಿತು. ಎಂಬತ್ತಕ್ಕೆ ಸೂಸೂ ಬಂತು ಎಂದಿತು. ಅದನ್ನು ಕೂರಿಸಿ, ಬಾಟಲಿಯ ನೀರು ಹಾಕಿ, ಚಡ್ಡಿ ಏರಿಸಿ ಎದ್ದು ನಿಂತರೆ ಗುಡ್ಡ ಹೆಗಲಿನಿಂದ ಮುಂದಕ್ಕೆ ಸರಿದುಬಿಟ್ಟಿತ್ತು. ಮುಂದೆ ಎಣಿಸಲಿಲ್ಲ. ಕಣ್ಣಿನಿಂದಲೇ ಹುಡುಕಿದರಾಯಿತು, ಮೂರು ಕಲ್ಲು, ಇಷ್ಟು ದೊಡ್ಡ ಬಯಲಿನಲ್ಲಿ ಮೂರು ಕಲ್ಲು ಒಟ್ಟಿಗೆ ಎಲ್ಲಿರುತ್ತವೆ ಎಂದುಕೊಂಡು ತಲೆ ಎತ್ತಿದಳು.

ಎಲ್ಲ ಕಡೆಗೂ ಇದ್ದವು. ಹತ್ತು ಮಾರಿಗೊಂದು, ಐದು ಮಾರಿಗೊಂದು. ಡೇರೆ ಹೂಡಿ ಹೋದವರು, ಮಾಂಸ ಬೇಯಿಸಿಕೊಂಡವರು, ಚಹಾ ಕಾಸಿದವರು, ಎಲ್ಲರೂ ಮೂರು ಕಲ್ಲು ಜೋಡಿಸಿ ಒಲೆ ಹೂಡಿ, ಹಾಗೇ ಬಿಟ್ಟು ಹೋಗಿದ್ದರು. ನಡುವೆ ಬೂದಿ, ಸುಟ್ಟ ಕೊಳ್ಳಿ, ಕೋಳಿಯ ಎಲುಬು, ಚಿಪ್ಸಿನ ಪೊಟ್ಟಣ. ಆ ದಿನ ನಾಯಿ ಕೆದರದಿರಲಿ ಎಂದು ಅಂಬಣ್ಣ ಕಲ್ಲು ತಂದು ಕೊಟ್ಟಾಗ ಅವನ್ನು ಜೋಡಿಸಿದವಳು ಅವಳೇ. ಬೇರೆ ಯಾವ ರೀತಿ ಜೋಡಿಸಬೇಕು ಎಂದು ಆ ಕೈಗೆ ಗೊತ್ತಿರಲಿಲ್ಲ. ಕಂಡ ಕಂಡ ಊರಿನಲ್ಲಿ, ಸೈಟಿನಿಂದ ಸೈಟಿಗೆ ಹೋದಾಗ, ಮೊದಲು ಮಾಡುವ ಕೆಲಸ ಅದು: ಮೂರು ಕಲ್ಲು, ಮೂರು ಮೂಲೆಗೆ. ಮನೆ ಆಯಿತು ಎಂದರ್ಥ. ಜಗತ್ತಿನ ಹೆಂಗಸರೆಲ್ಲ ಇಡುವ ಗುರುತನ್ನೇ ತಾನೂ ಇಟ್ಟು ಬಂದಿದ್ದಳು. ಆದರೆ ಒಂದು ವ್ಯತ್ಯಾಸವಿತ್ತು. ಮೂರರಲ್ಲಿ ಒಂದು ಕಲ್ಲು ಕಲ್ಲಲ್ಲ. ಸ್ಲ್ಯಾಬಿನ ದಿನ ಬೋಗುಣಿಯ ತಳದಲ್ಲಿ ಉಳಿದ ಕಾಂಕ್ರೀಟಿನ ಮಾಲು ಹಾಗೇ ಗಟ್ಟಿಯಾಗಿ, ಬೋಗುಣಿಯ ಆಕಾರದಲ್ಲೇ ದುಂಡಗೆ ಎದ್ದು ಬಂದಿತ್ತು, ಮೇಲೆ ಮುಚ್ಚಿದ್ದ ಗೋಣಿಯ ನೇಯ್ಗೆ ಅಚ್ಚಾಗಿತ್ತು. ಅದನ್ನು ತಲೆಯ ಕಡೆ ಇಟ್ಟಿದ್ದಳು. ಒಂದೊಂದು ಒಲೆಯ ಬಳಿ ಹೋಗಿ ಬಗ್ಗಿ ನೋಡುತ್ತ ಹೋದಳು, ಮಗು ಆಟ ಎಂದುಕೊಂಡು ತಾನೂ ಬಗ್ಗಿ ನೋಡಿತು. ಏಳು ನೋಡಿದ್ದಳೋ ಎಂಟೋ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ರಿಂಗಾಯಿತು. "ಎಲ್ಲಿದ್ದೀರಾ ಶಿವಕಾಂತಮ್ಮ? ಎಷ್ಟು ದೂರ ಹೋಗಿದ್ದೀರಾ, ಅಷ್ಟೊಂದು ಬಿಸಿಲಿದೆ. ಬಂದುಬಿಡಿ." ಇಂಪನಾಳ ದನಿ ಗಡುಸಾಗಿರಲಿಲ್ಲ. ಗಡುಸಾಗಿದ್ದರೆ ಚೆನ್ನಿತ್ತು.

ಊಟ ದಡದ ಮೇಲೆ ಗೌರಾಬಾಯಿ ಎಂಬ ಹೆಂಗಸಿನ ಖಾನಾವಳಿಯಲ್ಲಿ. ಕಟ್ಟಿಗೆ ಒಲೆ, ಅಕ್ಕಿರೊಟ್ಟಿಯಂಥ ಭಾಕರಿ, ಕಡಲೆಹಿಟ್ಟಿನ ಪಿಠಲಾ, ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ. ಗೌರಾಬಾಯಿ ಇವಳ ಸೀರೆ ಉಟ್ಟ ರೀತಿ ನೋಡಿಯೇ ಮರಾಠಿಯಲ್ಲಿ ಕೇಳಿದಳು, ಕರ್ನಾಟಕದವಳಾ, ಇಲ್ಲಿಗೆ ಮೊದಲು ಬಂದಿದ್ದೀಯಾ, ಎಲ್ಲೋ ನೋಡಿದ ಹಾಗಿದೆ. ಇಲ್ಲ ಎಂದಳು ಶಿವಕಾಂತಾ. ಹತ್ತಿರದಲ್ಲೇ ಮಧುಕರ್ ಇದ್ದ. ಅವನು ಮೀನು ತರಲು ಹೇಳಿದ್ದ. ಈ ಕೆರೆಯದೇ ಮೀನಂತೆ, ಬೆಳಿಗ್ಗೆ ಹಿಡಿದದ್ದು. ಕೆಂಪಗೆ ಹುರಿದ ಮೀನು ತಾಟಿನಲ್ಲಿ ಬಂತು. "ಇವಳಿಗೆ ನೀವೇ ತಿನ್ನಿಸಿಬಿಡಿ, ಮುಳ್ಳು ಬಿಡಿಸೋಕೆ ನಮಗೆ ಬರಲ್ಲ" ಎಂದಳು ಇಂಪನಾ. ಶಿವಕಾಂತಾ ಮೀನಿನ ಬೆನ್ನನ್ನು ಬೆರಳಿನಿಂದ ಬಿಡಿಸಿದಳು. ಬಿಳೀ ತಿರುಳು ಎಸಳೆಸಳಾಗಿ ಎದ್ದಿತು. ಮುಳ್ಳು ಆರಿಸಿ, ಬೆರಳ ನಡುವೆ ಎರಡು ಸಲ ಹಿಸುಕಿ ನೋಡಿ, ಭಾಕರಿಯ ಚೂರಿನಲ್ಲಿ ಸುತ್ತಿ ಮಗುವಿನ ಬಾಯಿಗೆ ಇಟ್ಟಳು. ಮಗು ಬಾಯಿ ತೆರೆದು ಕಾದಿತ್ತು. ಮತ್ತೊಂದು ತುತ್ತು. ಆರು ಮಳೆಗಾಲದ ನೀರು, ಆ ನೀರಿನ ಕೆಸರು, ಆ ಕೆಸರಿನಲ್ಲಿ ಬೆಳೆದ ಮೀನು ಎಂದು ಯೋಚನೆ ಹೋಗುತ್ತಿತ್ತು, ಅದನ್ನು ಅಲ್ಲಿಗೇ ನಿಲ್ಲಿಸಲು ಅವಳು ಮುಳ್ಳುಗಳನ್ನು ತಾಟಿನ ಅಂಚಿಗೆ ಸಾಲಾಗಿ ಇಡತೊಡಗಿದಳು. "ನೀವೂ ತಗೊಳ್ಳಿ, ನಿಮಗೂ ಒಂದು ಹೇಳಿದೀವಿ" ಎಂದ ಮಧುಕರ್.

"ಬ್ಯಾಡ್ರಿ. ಶನಿವಾರ ನಾ ತಿನ್ನಂಗಿಲ್ಲ."

"ಹೋದ ಶನಿವಾರ ಎಗ್ ಕರಿ ತಿಂದ್ರಲ್ಲ" ಎಂದಳು ಇಂಪನಾ. ಅಂದ ಮೇಲೆ ಅಂದದ್ದು ತಪ್ಪಾಯಿತೇನೋ ಎಂಬಂತೆ ನಕ್ಕಳು. "ಪರವಾಗಿಲ್ಲ ಬಿಡಿ, ಇಷ್ಟ ಇಲ್ದಿದ್ರೆ ಹೇಳಿ, ಅದಕ್ಕೇನು." ಶಿವಕಾಂತಾ ಸುಳ್ಳಿಗೆ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ ಪಿಠಲಾ ಉಂಡಳು, ರುಚಿ ತಿಳಿಯಲಿಲ್ಲ. ಹೇಳಿಬಿಡಬಹುದಿತ್ತು. ಈ ಇಬ್ಬರೂ ಕೆಟ್ಟವರಲ್ಲ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ, ಬನ್ನಿ ಹುಡುಕೋಣ ಎನ್ನುತ್ತಾರೆ. ಆಮೇಲೆ ಯಾವತ್ತೋ ಒಂದು ದಿನ, ಹರ್ಷಿತಾಗೆ ಮೈ ಬೆಚ್ಚಗಾದ ದಿನ, ಇಂಪನಾ ಆಫೀಸಿಗೆ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತು ಇವಳ ಕೈಗಳನ್ನು ನೋಡುತ್ತಾಳೆ. ಆ ನೋಟವನ್ನು ಶಿವಕಾಂತಾ ಈಗಲೇ ಕಾಣಬಲ್ಲಳು. ಏನಾಗಿತ್ತು ಕೂಸಿಗೆ ಎಂದು ಕೇಳಿದರೆ ಏನು ಹೇಳುವುದು? ಜ್ವರ. ಎಷ್ಟು ದಿನ? ಮೂರು ದಿನ. ನೀವೆಲ್ಲಿದ್ದಿರಿ?

ಸ್ಲ್ಯಾಬ್ ಇತ್ತು, ಛಾವಣಿಗೆ ಕಾಂಕ್ರೀಟು ಸುರಿಯುವ ದಿನ. ಸ್ಲ್ಯಾಬ್ ಶುರುವಾಯಿತೆಂದರೆ ನಡುವೆ ನಿಲ್ಲಿಸುವಂತಿಲ್ಲ, ಬಿರುಕು ಬಿಡುತ್ತದೆ. ಒಬ್ಬರು ಸಾಲಿನಿಂದ ಹೊರಬಿದ್ದರೆ ಬುಟ್ಟಿ ಕೈಯಿಂದ ಕೈಗೆ ಹೋಗುವುದಿಲ್ಲ. ಮೂರು ತಿಂಗಳ ಕೂಸು, ತೊಟ್ಟಿಲು ಶಾಸ್ತ್ರ ಊರಲ್ಲಿ ಮಾಡೋಣ ಎಂದು ಹೆಸರು ಕೂಡ ಇಟ್ಟಿರಲಿಲ್ಲ, ಸಣ್ಣಾಕಿ ಎನ್ನುತ್ತಿದ್ದರು. ಸೀರೆಯ ಜೋಳಿಗೆ ಕಟ್ಟಿ ನೆರಳಿಗೆ ಮಲಗಿಸಿ, ತಾಸಿಗೊಮ್ಮೆ ಓಡಿ ಬಂದು ಹಣೆ ಮುಟ್ಟುತ್ತಿದ್ದಳು. ಬೆಳಿಗ್ಗೆ ಸುಡುತ್ತಿತ್ತು. ಹನ್ನೊಂದಕ್ಕೆ ಸುಡುತ್ತಿತ್ತು. ಮಧ್ಯಾಹ್ನ ಓಡಿ ಬಂದು ಕೈಯ ಹಿಂಬದಿ ಇಟ್ಟರೆ ತಣ್ಣಗಿತ್ತು. ಜ್ವರ ಬಿಟ್ಟಿತು ಎಂದುಕೊಂಡಳು. ಅಷ್ಟು ಸಮಾಧಾನವಾಯಿತು, ಎಬ್ಬಿಸಬಾರದು, ಮಲಗಲಿ ಎಂದು ಸೆರಗು ಸರಿಮಾಡಿ ತಿರುಗಿ ಸಾಲಿಗೆ ಹೋಗಿ ನಿಂತಳು. ಹಗುರಾಗಿ ಬುಟ್ಟಿ ಹೊತ್ತಳು. ಪಕ್ಕದ ಸಾಬವ್ವನ ಸಂಗಡ ಏನೋ ಮಾತಾಡಿ ನಕ್ಕದ್ದೂ ನೆನಪಿದೆ. ನಕ್ಕ ಮಾತು ಯಾವುದೆಂದು ಆರು ವರ್ಷದಿಂದ ನೆನಪಿಸಿಕೊಳ್ಳುತ್ತಿದ್ದಾಳೆ, ಸಿಗುತ್ತಿಲ್ಲ.

ಊಟದ ಮೇಲೆ ಚಪ್ಪರದಲ್ಲಿ ಎಲ್ಲರೂ ಅಡ್ಡಾದರು. ಮಗು ಅವಳ ಸೆರಗು ಹಿಡಿದೇ ಮಲಗಿತು. ಸೆರಗು ಬಿಡಿಸಿಕೊಂಡು ಏಳುವ ಪ್ರಯತ್ನ ಎರಡು ಸಲ ಮಾಡಿದಳು, ಎರಡು ಸಲವೂ ಮುಷ್ಟಿ ಬಿಗಿಯಾಯಿತು. ಬಿಸಿಲಿನಲ್ಲಿ ಬಯಲು ನಡುಗುತ್ತಿತ್ತು. ಒಲೆಗಳ ಕಪ್ಪು ಚುಕ್ಕೆಗಳು ದೂರದವರೆಗೆ. ಒಂದು ಮಾತು ಆಗ ಹೊಳೆಯಿತು: ಅವೆಲ್ಲ ಮಸಿ ಹಿಡಿದ ಕಲ್ಲು. ತನ್ನವು ಬೆಂಕಿ ಕಂಡಿಲ್ಲ. ಮಸಿಯಿಲ್ಲದ, ಅರ್ಧ ಮಣ್ಣಲ್ಲಿ ಹೂತ ಮೂರು ಕಲ್ಲು ನೋಡಿದರೆ ಸಾಕು, ಹತ್ತಿರ ಹೋಗುವುದೂ ಬೇಡ, ದೂರದಿಂದಲೇ ತಿಳಿಯುತ್ತದೆ. ಇದು ಬೆಳಿಗ್ಗೆಯೇ ಯಾಕೆ ಹೊಳೆಯಲಿಲ್ಲ? ಮಗು ಎದ್ದ ಮೇಲೆ ಒಂದು ಅರ್ಧ ಗಂಟೆ ಸಿಕ್ಕರೆ ಆಯಿತು. ಫೋನಿನಲ್ಲಿ ಇನ್ನೂ ಮೂರೂಕಾಲು. ಅವಳು ಮಲಗಿದಲ್ಲಿಂದಲೇ ಬಯಲನ್ನು ಪಾಲು ಮಾಡಿದಳು: ಆ ಕಿತ್ತಳೆ ಡೇರೆಯಿಂದ ಈಚೆಗೆ ಒಂದು, ದೋಣಿ ಬೋರಲು ಹಾಕಿದಲ್ಲಿಯವರೆಗೆ ಒಂದು. ಬಹಳ ದಿನಗಳ ಮೇಲೆ ಮನಸ್ಸಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು.

ನಾಲ್ಕಕ್ಕೆ ಮಗು ಎದ್ದು ಹಾಲು ಕೇಳಿತು. ಎದ್ದ ಕೂಡಲೆ ಬಿಸಿ ಹಾಲು, ಅದಿಲ್ಲದಿದ್ದರೆ ಅಳು. ಮಧುಕರ್ ಆನ್‌ಲೈನಿನಲ್ಲಿ ತರಿಸಿದ್ದ ಪುಟ್ಟ ಗ್ಯಾಸ್ ಒಲೆ ಗಾಳಿಗೆ ಮೂರು ಸಲ ಹೊತ್ತಿ ಮೂರು ಸಲ ಆರಿತು, ನಾಲ್ಕನೆಯ ಸಲ ಹೊತ್ತಲೇ ಇಲ್ಲ. "ವಾಟ್ ಎ ವೇಸ್ಟ್" ಎಂದು ಇಂಪನಾ ಹಣೆ ಚಚ್ಚಿಕೊಂಡಳು. "ರಿವ್ಯೂ ಚೆನ್ನಾಗಿತ್ತು ಕಣೆ." "ರಿವ್ಯೂ ಕಾಯಿಸಿ ಕುಡಿಸು ಹಾಗಾದ್ರೆ ಮಗಳಿಗೆ." ಗೌರಾಬಾಯಿ ಮಧ್ಯಾಹ್ನಕ್ಕೇ ಬಾಗಿಲು ಎಳೆದುಕೊಂಡು ಹೋಗಿದ್ದಳು. ಮಗುವಿನ ಅಳು ಏರಿತು. ಮಧುಕರ್ ಎದ್ದ. "ಶಿವಕಾಂತಮ್ಮ, ಮೂರು ಕಲ್ಲಿದ್ರೆ ನೀವು ಒಲೆ ಹಾಕ್ತೀರಾ ತಾನೆ? ಕಟ್ಟಿಗೆ ಇಲ್ಲೇ ಬಿದ್ದಿದೆ. ಬಾ ಪುಟ್ಟ, ನಾವಿಬ್ರೂ ಕಲ್ಲು ತರೋಣ." ಮಗು ಅಳು ನಿಲ್ಲಿಸಿ ಅಪ್ಪನ ಬೆರಳು ಹಿಡಿಯಿತು. ಬಿಳೀ ಫ್ರಾಕು. ಶಿವಕಾಂತಾಗೆ ಹೊಳೆದದ್ದು ಆ ಫ್ರಾಕು ಮಾತ್ರ, ಎರಡು ವರ್ಷದಿಂದ ದಿನಾ ಒಗೆದು ಮಡಿಚುವ ಕೈಗೆ ಹೊಳೆಯುವ ಹಾಗೆ, ಮತ್ತು ಆ ಮುಷ್ಟಿ, ಅದು ಮುಟ್ಟಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ. ಕೂಗಿ ಹೇಳಿದಳು:

"ಮಸಿ ಹಿಡದದ್ದು ತರಬ್ಯಾಡ್ರಿ ಸಾಹೇಬ್ರ. ಕೂಸು ಮಾರಿಗೆಲ್ಲಾ ಬಳಕೋತದ. ಸ್ವಚ್ಛ ಇದ್ದದ್ದು ನೋಡಿ ತರ್ರಿ."

"ಓಕೆ ಓಕೆ" ಎಂದು ಅವನು ಹಿಂದೆ ನೋಡದೆ ಕೈ ಎತ್ತಿದ.

ಅವಳು ಕಟ್ಟಿಗೆ ಆಯ್ದಳು. ಹಾಲಿನ ಪೊಟ್ಟಣ ಹಲ್ಲಿನಿಂದ ಹರಿದು ಪಾತ್ರೆಗೆ ಸುರಿದಳು. ಹಾಲು ಕುಡಿಸಿ, ಬಾಯಿ ಒರೆಸಿ, ತಂದೆಯ ಕೈಗೆ ಕೊಟ್ಟು, ಬಹಿರ್ದೆಸೆಗೆ ಎಂದು ಹೇಳಿ ಹೊರಟರೆ ಯಾರೂ ಕರೆಯುವುದಿಲ್ಲ. ಅದೊಂದು ನೆಪಕ್ಕೆ ಇಂಪನಾ ಫೋನು ಮಾಡಲಾರಳು. ಕಾಲು ಗಂಟೆಯಾದರೂ ಅವರು ಬರಲಿಲ್ಲ. ಬಂದಾಗ ಮಧುಕರ್ ಕಂಕುಳಿಗೊಂದರಂತೆ ಎರಡು ಕಲ್ಲು ಒತ್ತಿಕೊಂಡಿದ್ದ. ಕರೀ ಕಲ್ಲು, ಅರ್ಧದವರೆಗೆ ಒಣಗಿದ ಕೆಸರಿನ ಗೆರೆ, ಆ ಗೆರೆಯ ಕೆಳಗೆ ಇನ್ನೂ ಹಸಿ. "ಸಿಗೋದೇ ಕಷ್ಟ ಆಯ್ತು, ಎಲ್ಲಾ ಮಸಿ. ಒಂದ್ಕಡೆ ಮಾತ್ರ ರೆಡಿಮೇಡ್ ಇಟ್ಟ ಹಾಗೆ ಮೂರೂ ಕ್ಲೀನ್ ಇದ್ವು. ಹೂತುಹೋಗಿದ್ವು, ಕಿತ್ತೆ." ಹಿಂದೆ ಮಗು ಒಂದನ್ನು ಹೊಟ್ಟೆಗೆ ಒತ್ತಿ ಅಪ್ಪಿಕೊಂಡು, ಕಾಲು ಅಗಲಿಸಿ, ಬಸುರಿಯ ಹಾಗೆ ನಡೆದು ಬರುತ್ತಿತ್ತು. ಫ್ರಾಕಿನ ತುಂಬ ಕೆಸರು. ದುಂಡಗಿನ ಬೂದು ಬಿಲ್ಲೆ. "ಕಾಂತವ್ವ, ನೋಡು, ಇಡ್ಲಿ" ಎಂದು ಅವಳ ಪಾದದ ಹತ್ತಿರ ಇಳಿಸಿತು. ಮೇಲ್ಭಾಗದಲ್ಲಿ ಗೋಣಿಯ ನೇಯ್ಗೆ, ಎಳೆ ಎಳೆ, ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು.

"ಎಲ್ಲಿಂದ ತಂದ್ರಿ?"

ಅವಳ ದನಿಗೆ ಇಂಪನಾ ಫೋನಿನಿಂದ ತಲೆ ಎತ್ತಿದಳು.

"ಅಲ್ಲೇ" ಎಂದು ಮಧುಕರ್ ಕೈ ಬೀಸಿದ. ಆ ಕೈ ಕಿತ್ತಳೆ ಡೇರೆಯಿಂದ ದೋಣಿಯವರೆಗೆ, ದೋಣಿಯಿಂದ ನೀರಿನವರೆಗೆ ಹೋಯಿತು.

"ಅಲ್ಲೇ ಅಂದ್ರ ಎಲ್ಲಿರಿ? ಆ ಕಡೀಗಿನೋ ಈ ಕಡೀಗಿನೋ?"

"ಸುತ್ತಾಡ್ತಾ ಹೋದ್ವಲ್ಲ, ಗೊತ್ತಾಗ್ಲಿಲ್ಲ. ಯಾಕೆ, ಯಾರದಾದ್ರೂ ಇರಬಹುದಾ?"

ಕಲ್ಲು ಕಿತ್ತ ಕಡೆ ಕುಳಿ ಬಿದ್ದಿರುತ್ತದೆ, ಹೋಗಿ ನೋಡಿದರೆ ಸಿಗುತ್ತದೆ ಎಂದು ಎದ್ದು ನಿಂತಳು. ಬಯಲಿನ ಆಚೆ ಹತ್ತಿಪ್ಪತ್ತು ಎಮ್ಮೆಗಳು ನೀರಿಗೆ ಇಳಿಯುತ್ತಿದ್ದವು, ಬಂದ ದಾರಿಯುದ್ದಕ್ಕೂ ಗೊರಸಿನ ಕುಳಿ, ಎಲ್ಲ ಕಡೆ ಕುಳಿ. "ಹಾಲು" ಎಂದು ಮಗು ಮತ್ತೆ ಅಳಲು ಶುರುಮಾಡಿತು. "ಶಿವಕಾಂತಮ್ಮ, ಪ್ಲೀಸ್, ಐದಕ್ಕೆ ಹೊರಡಬೇಕು" ಎಂದಳು ಇಂಪನಾ. ಯಾರವೂ ಅಲ್ರಿ ಎಂದಳು ಅವಳು, ಯಾರಿಗೆ ಹೇಳಿದಳೋ. ಕುಳಿತಳು. ಎರಡು ಕರೀ ಕಲ್ಲು ಎದುರು ಬದುರು ಇಟ್ಟಳು, ದುಂಡನೆಯದನ್ನು ತಲೆಯ ಕಡೆ. ಕೈ ತಾನಾಗಿ ಅದೇ ರೀತಿ ಇಟ್ಟಿತು. ಅದು ಗಿಡ್ಡವಿತ್ತು, ಕೆಳಗೆ ಒಂದು ಚಪ್ಪಟೆ ಚೂರು ಕೊಟ್ಟು ಮಟ್ಟ ಮಾಡಿದಳು. ಕಡ್ಡಿ ಗೀರಿದಳು, ಆರಿತು. ಮತ್ತೆ ಗೀರಿದಳು. ಒಣ ಹುಲ್ಲು ಹೊತ್ತಿ, ಕಟ್ಟಿಗೆ ಹೊತ್ತಿ, ಬೆಂಕಿಯ ನಾಲಿಗೆ ನೇಯ್ಗೆಯ ಮೇಲೆ ಹರಿದಾಡಿತು. ಗೋಣಿಯ ಎಳೆಗಳಲ್ಲಿ ಕೂತಿದ್ದ ತೇವ ಸಣ್ಣಗೆ ಸುಂಯ್ಗುಟ್ಟಿತು.

ಈ ಎರಡು ವರ್ಷದಲ್ಲಿ ಅವಳು ಒಂದು ದಿನವೂ ಹಾಲು ಉಕ್ಕಿಸಿದವಳಲ್ಲ. ಇಂಪನಾ ತನ್ನ ತಾಯಿಗೆ ಫೋನಿನಲ್ಲಿ ಹೊಗಳುವಾಗ ಹೇಳುತ್ತಿದ್ದ ಮಾತು ಅದು. ಹಾಲಿಗೆ ಕೆನೆ ಕಟ್ಟಿತು, ಅಂಚಿನಲ್ಲಿ ನೊರೆ ಎದ್ದಿತು, ಕೆನೆ ನಡುವೆ ಉಬ್ಬಿತು. ಅವಳ ಕೈ ಇಕ್ಕಳದ ಮೇಲೇ ಇತ್ತು. ಕೂಸು ಹೋದ ಮೂರನೆಯ ದಿನ, ಎದೆ ಕಟ್ಟಿ ಕಲ್ಲಾಗಿ, ಕುಬುಸವೆಲ್ಲ ತೊಯ್ದು, ಯಾರಿಗೂ ಹೇಳದೆ ಇಳಿದು ಬಂದು ಕಲ್ಲಿನ ಮೇಲೆ ಹಾಲು ಹಿಂಡಿದ್ದಳು. ಊರಲ್ಲಾದರೆ ಮೂರನೆಯ ದಿನ ಹಾಲು ತುಪ್ಪ ಬಿಡಲು ಹತ್ತು ಜನ ಬರುತ್ತಾರೆ. ಬಿಸಿಲಿಗೆ ಅದು ಕಲ್ಲಿನ ಮೇಲೆ ಗಳಿಗೆಯಲ್ಲಿ ಆರಿ ಹೋಗಿತ್ತು.

"ಉಕ್ಕ್ತಾ ಇದೆ, ಶಿವಕಾಂತಮ್ಮ, ಹಾಲು" ಎಂದಳು ಇಂಪನಾ. ಹಾಲು ಅಂಚು ದಾಟಿತು. ಒಂದು ಕಡೆಯಿಂದ ಇಳಿಯಿತು, ಮೂರೂ ಕಡೆಯಿಂದ ಇಳಿಯಿತು, ಕರೀ ಕಲ್ಲಿನ ಮೇಲೆ ಬಿಳೀ ಗೆರೆ ಎಳೆಯಿತು, ದುಂಡನೆಯದರ ನೇಯ್ಗೆಯೊಳಗೆ ತುಂಬಿಕೊಂಡು ಕಂದಾಗಿ ಬುಸುಗುಟ್ಟಿತು. "ಅಯ್ಯೋ, ಇದ್ದಿದ್ದೇ ಅಷ್ಟು ಹಾಲು" ಎಂದು ಇಂಪನಾ ಓಡಿ ಬಂದು ಇಕ್ಕ‌ಳ ಕಿತ್ತುಕೊಂಡು ಪಾತ್ರೆ ಇಳಿಸಿದಳು. ಅರ್ಧ ಲೋಟ ಉಳಿದಿತ್ತು. "ಏನಾಗಿದೆ ನಿಮಗೆ ಇವತ್ತು? ಬೆಳಿಗ್ಗೆಯಿಂದ ನೋಡ್ತಾ ಇದೀನಿ."

"ತಪ್ಪಾತ್ರಿ ಅಕ್ಕಾರ" ಎಂದಳು ಶಿವಕಾಂತಾ.

ಅರ್ಧ ಲೋಟ ಆರಿಸಿ, ತನ್ನ ನಾಲಿಗೆಗೊಂದು ಹನಿ ಹಚ್ಚಿ ನೋಡಿ, ಮಗುವಿಗೆ ಕುಡಿಸಿದಳು. ಮಗು ಕುಡಿದು, ಮೀಸೆ ಮಾಡಿಕೊಂಡು ನಕ್ಕಿತು. ಬಾಯಿ ಒರೆಸಿದಳು, ಕೆಸರಿನ ಫ್ರಾಕು ತೆಗೆದು ಬೇರೆ ಹಾಕಿದಳು, ಚೀಲ ತುಂಬಿದಳು, ಚಾಪೆ ಕೊಡವಿ ಸುತ್ತಿದಳು. ಬೆಂಕಿಗೆ ನೀರು ಹಾಕಿ ಎಂದು ಮಧುಕರ್ ಹೇಳಿ ಮಗುವನ್ನು ಎತ್ತಿಕೊಂಡು ಕಾರಿನ ಕಡೆ ನಡೆದ. ಅವಳು ನೀರು ಹಾಕಲಿಲ್ಲ, ಕೆಂಡದ ಮೇಲೆ ಮಣ್ಣು ಎಳೆದಳು. ಮೂರರ ಒಳಮೈಯೂ ಮಸಿ ಹಿಡಿದಿತ್ತು. ಇನ್ನು ಇವೂ ಬಯಲಿನ ಉಳಿದೆಲ್ಲವುಗಳ ಹಾಗೇ, ಅಂಬಣ್ಣ ಬಂದು ನೋಡಿದರೂ ಗುರುತು ಹಿಡಿಯಲಾರ. ಅವನಿಗೆ ಏನು ಹೇಳುವುದು? ಸಿಗಲಿಲ್ಲ ಎಂದರೆ ಸಾಕು. ದುಂಡನೆಯದನ್ನಾದರೂ ಸೆರಗಿನಲ್ಲಿ ಕಟ್ಟಿಕೊಳ್ಳೋಣ ಎಂದು ಎರಡೂ ಕೈ ಹಾಕಿದಳು, ಬೆರಳು ಚುರ್ ಎಂದು ಹಿಂದೆಗೆದಳು. ಸುಡುತ್ತಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಕಾದಳು. ಮೇಲೆ ದಡದಲ್ಲಿ ಹಾರ್ನು ಒಂದು ಸಲ ಆಯಿತು. ಸ್ವಲ್ಪ ಹೊತ್ತು ಬಿಟ್ಟು, ಕೈಯನ್ನು ತಿರುಗಿಸಿ, ಹಿಂಬದಿಯನ್ನು ಮೆಲ್ಲಗೆ ಅದರ ಮೇಲೆ ಇಟ್ಟಳು. ಚರ್ಮ ಉರಿಯಿತು, ತೆಗೆಯಲಿಲ್ಲ. ಮತ್ತೆ ಹಾರ್ನು ಆಯಿತು, ಈ ಸಲ ಉದ್ದಕ್ಕೆ, ಅದರ ಹಿಂದೆಯೇ ಮಗುವಿನ ದನಿ, ಕಾಂತವ್ವಾ ಎಂದು. ಬಂದೆ, ಬಂದೆ ಎಂದಳು ಕೂತಲ್ಲಿಂದಲೇ. ಇನ್ನೂ ಬಿಸಿಯಿತ್ತು.